ಕಲ್ಲಿನ ಮೇಲೆ ಕೈಯುಂಟು, ಕಡತದಲ್ಲಿ ಹೆಸರಿಲ್ಲ

ಹುಣಸೂರು ತಾಲ್ಲೂಕಿನ ಗುರುಪುರವನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ನಾಡು ಕಳೆದುಕೊಂಡು ಬಂದ ತಿಬೇಟಿನ ಜನ 1970ರ ದಶಕದ ಆರಂಭದಿಂದ ಅಲ್ಲಿ ನೆಲೆಸಿ, ಮುಸುಕಿನ ಜೋಳ ಬೆಳೆದು, ಚಳಿಗಾಲ ಬಂದಿತೆಂದರೆ ಪೇಟೆಗಳಲ್ಲಿ ಸ್ವೆಟರ್ ಮಾರಿ ಬದುಕು ಕಟ್ಟಿಕೊಂಡಿದ್ದಾರೆ. ಪೇಟೆಯ ಬೀದಿಯಲ್ಲಿ ಗಂಟು ಬಿಚ್ಚಿ ಕುಳಿತ ಅವರ ಹೆಂಗಸರೊಡನೆ ಚೌಕಾಸಿ ಮಾಡದವರು ನಮ್ಮಲ್ಲಿ ಕಡಮೆ. ಆದರೆ ಅವರ ಒಂದು ಸಂಗತಿಯನ್ನು ನಾವು ಗಮನಿಸಿದಂತಿಲ್ಲ. ಮಾರ್ಚ್ 8ರಂದು ಜಗತ್ತೆಲ್ಲ ಮಹಿಳಾ ದಿನವನ್ನು ಆಚರಿಸುತ್ತದೆ. ಅದಾದ ನಾಲ್ಕೇ ದಿನಕ್ಕೆ, ಮಾರ್ಚ್ 12ರಂದು, ತಿಬೇಟಿಗರು ಎಲ್ಲೆಲ್ಲಿ ನೆಲೆಸಿದ್ದಾರೋ ಅಲ್ಲೆಲ್ಲ ತಮ್ಮ ಹೆಂಗಸರ ದಂಗೆಯ ದಿನವನ್ನು ನೆನೆಯುತ್ತಾರೆ. 1959ರ ಆ ದಿನ ಲ್ಹಾಸಾ ಪಟ್ಟಣದಲ್ಲಿ ಸಾವಿರಾರು ಮಂದಿ ಹೆಂಗಸರು ಪೊಟಾಲ ಅರಮನೆಯ ಮುಂದೆ ನೆರೆದು ಪ್ರತಿಭಟಿಸಿದರು. ಅವರ ಮುಂದಾಳುಗಳು ಸೆರೆಮನೆ ಕಂಡರು. ನಾಡಿಲ್ಲದ ಜನ, ಸರ್ಕಾರದ ಗೆಜೆಟ್ಟಿಲ್ಲದ ಜನ, ತಮ್ಮ ಹೆಂಗಸರಿಗೆ ಒಂದು ತಾರೀಖನ್ನು ಇಟ್ಟುಕೊಂಡಿದ್ದಾರೆ.

ನಾಡೂ ಇರುವ, ಗೆಜೆಟ್ಟೂ ಇರುವ ನಾವು ಏನು ಮಾಡಿದ್ದೇವೆ? ಈ ಪ್ರಶ್ನೆಯನ್ನು ಸರ್ಕಾರಕ್ಕೆ ಹಾಕುವ ಮುನ್ನ ನಮಗೆ ನಾವೇ ಹಾಕಿಕೊಳ್ಳಬೇಕೆಂದು ಈ ವಾರ ಬರೆಯುತ್ತಿದ್ದೇವೆ.

ನಮ್ಮ ಸೀಮೆಯಲ್ಲಿ ಹೆಂಗಸಿಗೆ ಸಾರ್ವಜನಿಕ ಮನ್ನಣೆ ಎಂದೂ ಇರಲಿಲ್ಲವೆಂದು ಹೇಳುವಂತಿಲ್ಲ. ಮನ್ನಣೆ ಇತ್ತು. ಅದು ಎಂಥದೆಂಬುದನ್ನು ನೋಡಬೇಕಾದರೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ ಶಾಸನವನ್ನು ನೆನೆಯಬೇಕು. ಕ್ರಿ.ಶ. 1057ರ ಆ ಶಾಸನ ದೇಕಬ್ಬೆಯೆಂಬ ಹೆಣ್ಣುಮಗಳದು. ಆಕೆ ನುಗುನಾಡಿನ ರವಿಗನ ಮಗಳು, ನವಿಲೆನಾಡಿನ ಏಚನ ಹೆಂಡತಿ. ಮಲ್ಲಯುದ್ಧದಲ್ಲಿ ಏಚ ತನ್ನ ದಾಯಾದಿಯನ್ನು ಕೊಂದನೆಂದು ಚೋಳ ದೊರೆ ಅವನನ್ನು ತಲಕಾಡಿನಲ್ಲಿ ಕೊಲ್ಲಿಸಿದ. ಸುದ್ದಿ ಕೇಳಿದ ದೇಕಬ್ಬೆ, ಹೆತ್ತವರು ಬೇಡವೆಂದು ಗೋಳಿಟ್ಟರೂ ಕೇಳದೆ, ದಾನಧರ್ಮ ಮಾಡಿ ಬೆಂಕಿಗೆ ಬಿದ್ದಳು. ಅದನ್ನು ಒಬ್ಬ ಕವಿ ಸೊಗಸಾದ ಪದ್ಯಗಳಲ್ಲಿ ಹಾಡಿ ಕಲ್ಲಿಗೆ ಏರಿಸಿದ. ಪಂಡಿತರು ಇಂದಿಗೂ ಆ ಪದ್ಯಗಳನ್ನು ಮೆಚ್ಚುತ್ತಾರೆ, ಮೆಚ್ಚತಕ್ಕವೇ ಹೌದು.

ಕನ್ನಡ ನಾಡಿನ ಎಷ್ಟೋ ಊರುಗಳ ಹೊರಗೆ, ಕೆರೆಯ ಏರಿಯ ಮೇಲೆ, ಬೇಲಿಯ ಮರೆಯಲ್ಲಿ ಮಾಸ್ತಿಕಲ್ಲುಗಳು ನಿಂತಿವೆ. ಮೊಣಕೈ ಮಡಿಸಿ ಎತ್ತಿದ ಒಂದು ಕೈ, ಆ ಕೈಯಲ್ಲಿ ಬಳೆ. ಎಷ್ಟೋ ಕಲ್ಲುಗಳ ಮೇಲೆ ಹೆಸರು ಕೂಡ ಇಲ್ಲ, ಕೈ ಮಾತ್ರ ಇದೆ. ಆ ಕೈ ನಾಟಿ ಮಾಡಿತ್ತು, ರಾಗಿ ಬೀಸಿತ್ತು, ಮಗುವನ್ನು ತೂಗಿತ್ತು. ಅದಕ್ಕಾಗಿ ಯಾರೂ ಕಲ್ಲು ನೆಡಲಿಲ್ಲ. ಗಂಡನ ಚಿತೆಯನ್ನೇರಿದ ಮೇಲೆ ನೆಟ್ಟರು. ಹೆಂಗಸು ಬದುಕಿ ಮಾಡಿದ್ದಕ್ಕೆ ಲೆಕ್ಕವಿಲ್ಲ, ಸತ್ತು ಮಾಡಿದ್ದಕ್ಕೆ ಕಲ್ಲು. ಡಾಕ್ಟರ್ ರಾಮಮನೋಹರ ಲೋಹಿಯಾ ಅವರು ನಮ್ಮ ಹೆಣ್ಣುಮಕ್ಕಳಿಗೆ ಸಾವಿತ್ರಿಗಿಂತ ದ್ರೌಪದಿ ಮೇಲಾದ ಆದರ್ಶವೆಂದು ವಾದಿಸಿದಾಗ ಹಲವರು ಸಿಟ್ಟಾದರು. ಗಂಡನನ್ನು ಹಿಂಬಾಲಿಸಿದವಳಿಗಿಂತ ಸಭೆಯಲ್ಲಿ ನಿಂತು ಪ್ರಶ್ನೆ ಕೇಳಿದವಳು ದೊಡ್ಡವಳೆಂಬುದು ಅವರ ಮಾತಿನ ತಿರುಳು. ಮಾಸ್ತಿಕಲ್ಲಿನ ಎದುರು ನಿಂತು ಆ ಮಾತನ್ನು ನೆನೆದರೆ ಅದರ ತೂಕ ತಿಳಿಯುತ್ತದೆ.

ಇದು ಹಳೆಯ ಕಾಲದ ಮಾತಾಯಿತು. ಸ್ವತಂತ್ರ ಭಾರತದ ಸರ್ಕಾರಗಳು ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. ಇದ್ದುದನ್ನು ಇದ್ದಂತೆ ಹೇಳಬೇಕು. ಕಿತ್ತೂರಿನ ರಾಣಿ ಚೆನ್ನಮ್ಮನ ಪ್ರತಿಮೆ 2007ರಲ್ಲಿ ಸಂಸತ್ತಿನ ಆವರಣಕ್ಕೆ ಬಂತು. 2010ರಲ್ಲಿ ಬೆಳಗಾವಿಯಲ್ಲಿ ಅವಳ ಹೆಸರಿನ ವಿಶ್ವವಿದ್ಯಾಲಯವಾಯಿತು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕನ ಹೆಸರಿನಲ್ಲಿ ಅಂಚೆ ಚೀಟಿ ಬಂತು, ಕರಾವಳಿ ಕಾವಲಿನ ಹಡಗು ತೇಲಿತು. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರಾಯಿತು. ನಮ್ಮ ಮೈಸೂರಿನಲ್ಲಂತೂ 1895ರಿಂದ 1902ರ ವರೆಗೆ ರಾಜಪ್ರತಿನಿಧಿಯಾಗಿ ಆಳಿದ ವಾಣಿವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿಯವರ ಹೆಸರು ರಸ್ತೆಗುಂಟು, ಬೆಂಗಳೂರಿನಲ್ಲಿ ಆಸ್ಪತ್ರೆಗುಂಟು, ಹಿರಿಯೂರಿನ ಬಳಿ ಅಣೆಕಟ್ಟಿಗುಂಟು. ಅವರ ಆಡಳಿತದ ಕಾಲದಲ್ಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗೆ ಹರಿಯಿತು. ಇವರೆಲ್ಲ ಗೌರವಕ್ಕೆ ಅರ್ಹರೇ.

ಆದರೆ ಈ ಪಟ್ಟಿಯನ್ನು ಮತ್ತೊಮ್ಮೆ ಓದಿರಿ. ಅಕ್ಕನೊಬ್ಬಳನ್ನು ಬಿಟ್ಟರೆ ಉಳಿದವರೆಲ್ಲ ಸಿಂಹಾಸನದ ಪಕ್ಕದವರು. ಚಿತ್ರದುರ್ಗದ ಓಬವ್ವ ಕೋಟೆಯ ಕಾವಲುಗಾರನ ಹೆಂಡತಿ. ಹೈದರನ ಸೈನಿಕರು ಕಿಂಡಿಯಲ್ಲಿ ನುಸುಳುತ್ತಿದ್ದಾಗ ಅವಳ ಕೈಗೆ ಸಿಕ್ಕಿದ್ದು ಖಡ್ಗವಲ್ಲ, ಒನಕೆ. ಆ ಬಡವಿಯ ಜಯಂತಿಯನ್ನು ಸರ್ಕಾರ ಆಚರಿಸತೊಡಗಿದ್ದು 2021ರಲ್ಲಿ. ರಾಜ್ಯ ಹುಟ್ಟಿ 65 ವರ್ಷ ಕಳೆದ ಮೇಲೆ! ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ, ಸಾಲುಮರದ ತಿಮ್ಮಕ್ಕನವರಿಗೆ 2019ರಲ್ಲಿ, ಅಂಕೋಲೆಯ ಕಡೆಯ ತುಳಸಿ ಗೌಡರಿಗೆ ಅದರ ಮರುವರ್ಷ ಪದ್ಮಶ್ರೀ ಪ್ರಕಟವಾಯಿತು. ಮೂವರೂ ಶಾಲೆಯ ಮೆಟ್ಟಿಲು ಕಾಣದ ದುಡಿಮೆಗಾರ್ತಿಯರು. ಮೂವರಿಗೂ ಮುಪ್ಪಿನಲ್ಲಿ ಮನ್ನಣೆ ಬಂತು, ಇಂದು ಮೂವರೂ ಇಲ್ಲ. ನಮಗೆ ಸಂತೋಷವೇ. ಆದರೆ ಒಬ್ಬಿಬ್ಬರನ್ನು ವಿಸ್ಮಯವೆಂದು ಎತ್ತಿ ತೋರಿಸುವುದು ಬೇರೆ, ದುಡಿಯುವ ಹೆಂಗಸರೆಲ್ಲ ಸೇರಿ ಚರಿತ್ರೆಯನ್ನು ಮಾಡಿದ್ದಾರೆಂದು ಒಪ್ಪುವುದು ಬೇರೆ.

ಈಗ ನಾವು ಸ್ವಾತಂತ್ರ್ಯ ಹೋರಾಟದ ಕಡತಕ್ಕೆ ಬರೋಣ. 1942ರಲ್ಲಿ ಶಿವಮೊಗ್ಗ ಜಿಲ್ಲೆಯ ಈಸೂರು ತನ್ನನ್ನು ತಾನೇ ಸ್ವತಂತ್ರವೆಂದು ಸಾರಿದ್ದನ್ನು ಶಾಲೆಯ ಮಕ್ಕಳೂ ಬಲ್ಲರು. 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿದ ಐವರನ್ನು ವರ್ಷಕ್ಕೊಮ್ಮೆಯಾದರೂ ನೆನೆಯುತ್ತೇವೆ. ಅದೇ ಮೊಕದ್ದಮೆಯಲ್ಲಿ ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಎಂಬ ಮೂವರು ಹೆಂಗಸರಿಗೆ ಜೀವಾವಧಿ ಶಿಕ್ಷೆಯಾಯಿತೆಂಬುದನ್ನು ಎಷ್ಟು ಮಂದಿ ಬಲ್ಲರು? ನಮ್ಮ ಪೈಕಿ ಭಾಷಣ ಮಾಡುವವರನ್ನು ಕೇಳಿ ನೋಡಿದೆವು. ಐವರ ಹೆಸರನ್ನು ತಡವರಿಸದೆ ಹೇಳಿದವರು ಮೂವರ ಹೆಸರಿಗೆ ಬಂದಾಗ ತಲೆ ಕೆರೆದುಕೊಂಡರು.

ಅವರದು ಕೋರ್ಟಿನ ದಾಖಲೆಯಲ್ಲಿದ್ದ ಹೆಸರು. ಆದ್ದರಿಂದ ಇಷ್ಟಾದರೂ ಉಳಿಯಿತು. ದಾಖಲೆಯೇ ಇಲ್ಲದವರ ಗತಿಯೇನು? ಕೇಂದ್ರ ಸರ್ಕಾರ 1972ರಲ್ಲಿ ಸ್ವಾತಂತ್ರ್ಯ ಯೋಧರಿಗೆ ಪಿಂಚಣಿ ಯೋಜನೆಯನ್ನು ತಂದಿತು. ಆರು ತಿಂಗಳ ಜೈಲುವಾಸವಾಗಿರಬೇಕು, ಹೆಂಗಸರಿಗೂ ಪರಿಶಿಷ್ಟರಿಗೂ ಮೂರು ತಿಂಗಳಾದರೆ ಸಾಕೆಂದು ನಿಯಮವಾಯಿತು. ರಿಯಾಯಿತಿ ಕೊಟ್ಟದ್ದು ಸರಿಯೇ. ಆದರೆ ಅಳತೆಗೋಲು ಯಾವುದು? ಜೈಲು. ಸಾಕ್ಷಿ ಯಾರದು? ಜೈಲಿನ ಅಧಿಕಾರಿಗಳ ಕಾಗದ, ಪೋಲೀಸರ ವಾರಂಟು. ತಲೆಮರೆಸಿಕೊಂಡವನಿಗೆ ಹಿತ್ತಿಲ ಬಾಗಿಲಲ್ಲಿ ಮುದ್ದೆ ಕೊಟ್ಟವಳು, ಮಡಿಲಲ್ಲಿ ಕರಪತ್ರ ಬಚ್ಚಿಟ್ಟು ಸಂತೆಗೆ ಹೋದವಳು, ಗಂಡ ಜೈಲಿಗೆ ಹೋದ ಮೇಲೆ ಜಪ್ತಿಯಾದ ಪಾತ್ರೆಗಳಿಲ್ಲದೆ ಮಡಕೆಯಲ್ಲಿ ಅಂಬಲಿ ಕಾಯಿಸಿ ಮಕ್ಕಳನ್ನು ಸಾಕಿದವಳು, ಇವರಿಗೆ ಯಾವ ಜೈಲರ್ ಸರ್ಟಿಫಿಕೇಟು ಕೊಡಬೇಕು? ಬ್ರಿಟಿಷ್ ಪೋಲೀಸರು ಯಾರನ್ನು ಲೆಕ್ಕಕ್ಕೆ ತೆಗೆದುಕೊಂಡರೋ ಅವರನ್ನೇ ಸ್ವತಂತ್ರ ಸರ್ಕಾರವೂ ಲೆಕ್ಕಕ್ಕೆ ತೆಗೆದುಕೊಂಡಿತು. ಇಂಥ ಹೆಂಗಸು ಕಡತದೊಳಕ್ಕೆ ಬಂದದ್ದು ಗಂಡ ಸತ್ತ ಮೇಲೆ, ಇಂಥವರ ವಿಧವೆ ಎಂದು. ಮಾಸ್ತಿಕಲ್ಲಿನ ಕಾಲಕ್ಕೂ ಇದಕ್ಕೂ ಅಂತರ ಎಷ್ಟೆಂದು ಓದುಗರೇ ಅಳೆಯಲಿ.

1947ರ ಮೈಸೂರು ಚಲೋ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರನ್ನು ಮೈಸೂರಿನ ಒಂದು ವೃತ್ತಕ್ಕೆ ಇಟ್ಟಿದ್ದಾರೆ. ಬಸ್ಸಿನ ಕಂಡಕ್ಟರು ದಿನಕ್ಕೆ ನೂರು ಬಾರಿ ಆ ಹೆಸರನ್ನು ಕೂಗುತ್ತಾನೆ. ಮನ್ನಣೆಯೆಂದರೆ ಹೀಗಿರಬೇಕು, ಜನರ ಬಾಯಲ್ಲಿ ನಿತ್ಯ ಓಡಾಡಬೇಕು. ಅದೇ ಚಳವಳಿಯಲ್ಲಿ ಹೆಂಗಸರೂ ಇದ್ದರು. ಯಶೋಧರಮ್ಮ ದಾಸಪ್ಪನವರು ಸತ್ಯಾಗ್ರಹಗಳಲ್ಲಿ ಭಾಗಿಯಾಗಿ, ಮಂತ್ರಿಯಾಗಿ, ಪಾನನಿರೋಧ ಸಡಿಲಾದಾಗ ತತ್ವಕ್ಕಾಗಿ ಮಂತ್ರಿಪದವಿಯನ್ನೇ ಬಿಟ್ಟವರು; 1972ರಲ್ಲಿ ಪದ್ಮಭೂಷಣರಾದರು. ಅವರ ಹೆಸರನ್ನು ಇಂದಿನ ಎಷ್ಟು ಮಕ್ಕಳು ಬಲ್ಲರು?

ಇಲ್ಲಿಯ ವರೆಗೆ ಸರ್ಕಾರದ ಮೇಲೆ ಬೆರಳು ತೋರಿಸಿದೆವು. ಇನ್ನು ನಮ್ಮ ಮನೆಯ ಕಸವನ್ನು ಗುಡಿಸಬೇಕು.

1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಸಮಾಜವಾದಿಗಳು ಅವರ ಬೆನ್ನಿಗೆ ನಿಂತರು. ಲೋಹಿಯಾ ಅವರು ಬಂದು ಸೆರೆಯಾದರು. ಅಲ್ಲಿಂದ ಹಬ್ಬಿದ ಘೋಷಣೆ, ಉಳುವವನೇ ಹೊಲದ ಒಡೆಯ ಎಂಬುದು, ನಮ್ಮೆಲ್ಲರ ನಾಲಗೆಯ ಮೇಲೆ ಕುಣಿಯಿತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರೇ ಆದ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1974ರ ಮಾರ್ಚ್ 1ರಿಂದ ಅದು ಕಾನೂನಿನ ಬಲ ಪಡೆಯಿತು. ಅದು ದೊಡ್ಡ ಕೆಲಸ. ಗೇಣಿದಾರನ ಬೆನ್ನು ನೆಟ್ಟಗಾಯಿತು. ಆದರೆ ಘೋಷಣೆಯ ಮೊದಲ ಪದವನ್ನು ನಾವು ಒಮ್ಮೆಯೂ ನಿಂತು ನೋಡಲಿಲ್ಲ. ಉಳುವವನು! ಹೆಂಗಸು ನೇಗಿಲು ಮುಟ್ಟಬಾರದೆಂಬುದು ನಮ್ಮ ಹಳ್ಳಿಗಳ ಕಟ್ಟು. ಬಿತ್ತುವವಳು ಅವಳು, ನಾಟಿಯವಳು ಅವಳು, ಕಳೆ ಕೀಳುವವಳು, ಕೊಯ್ಯುವವಳು, ತೂರುವವಳು ಅವಳು. ಉಳುವುದೊಂದು ಅವನದು, ಒಡೆತನವೆಲ್ಲ ಅವನದಾಯಿತು. ಭೂನ್ಯಾಯ ಮಂಡಳಿಯ ಮುಂದೆ 7ನೆಯ ನಮೂನೆಯ ಅರ್ಜಿ ಹಿಡಿದು ನಿಂತವರು ಬಹುಮಟ್ಟಿಗೆ ಮನೆಯ ಗಂಡಸರೇ. ಅನ್ಯಾಯ ಮಾಡಬೇಕೆಂದು ನಾವು ಮಾಡಲಿಲ್ಲ. ಕಣ್ಣಿಗೆ ಬೀಳಲಿಲ್ಲ, ಅಷ್ಟೆ. ಕಣ್ಣಿಗೆ ಬೀಳದಿರುವುದೇ ಅನ್ಯಾಯದ ಬೇರು.

ಇಂದಿಗೂ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆಯ ಕಡೆ ಹೊಗೆಸೊಪ್ಪಿನ ಕಾಲದಲ್ಲಿ ಹೋಗಿ ನೋಡಿರಿ. ಸೊಪ್ಪು ಮುರಿದು ಹೊತ್ತು ತಂದು, ಬ್ಯಾರನ್ನಿನ ಮುಂದೆ ಸಾಲಾಗಿ ಕುಳಿತು ಕಡ್ಡಿಗೆ ಕಟ್ಟುವವರು ಹೆಂಗಸರು. ಬೆಂದ ಸೊಪ್ಪನ್ನು ಬಣ್ಣ ನೋಡಿ ಬೇರ್ಪಡಿಸುವವರೂ ಅವರೇ. ಕೈಯೆಲ್ಲ ಅಂಟು, ಊಟಕ್ಕೆ ಕುಳಿತರೆ ಅನ್ನವೇ ಕಹಿ. ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ ಬೇಲಿನ ಮುಂದೆ ನಿಲ್ಲುವುದು ಮಾತ್ರ ಗಂಡಸು. ಅಂಗಡಿಯ ಮಿತ್ರರು ಸಿಟ್ಟಾಗಬಾರದು. ಅವರ ಮಾತೂ ಹೀಗೆಯೇ. ಮಧ್ಯಾಹ್ನ ಯಜಮಾನರು ಊಟ ಮಾಡಿ ಮಲಗಿದಾಗ ಗಲ್ಲದ ಮೇಲೆ ಕುಳಿತು ವ್ಯಾಪಾರ ಮಾಡುವವಳು ಯಾರು? ಸಾಲದ ಲೆಕ್ಕ ಬಾಯಲ್ಲೇ ಇಟ್ಟುಕೊಂಡಿರುವವಳು ಯಾರು? ಲೈಸೆನ್ಸು ಯಾರ ಹೆಸರಿನಲ್ಲಿದೆ?

ಗಿರಣಿಯ ಬಂಧುಗಳಿಗೂ ಒಂದು ಮಾತು. ಮಾರ್ಚ್ 8 ಎಂಬ ತಾರೀಖನ್ನು ನಮಗೆ ಕೊಟ್ಟವರು ಯಾರೆಂದು ಬಲ್ಲಿರಾ? 1910ರಲ್ಲಿ ಕೋಪನ್‌ಹೇಗನ್ನಿನ ಸಮಾಜವಾದಿ ಮಹಿಳೆಯರ ಸಮ್ಮೇಳನದಲ್ಲಿ ಕ್ಲಾರಾ ಜೆಟ್ಕಿನ್ ಇಂಥ ದಿನವೊಂದು ಬೇಕೆಂದರು. 1917ರ ಮಾರ್ಚ್ 8ರಂದು ಪೆಟ್ರೋಗ್ರಾಡಿನ ಬಟ್ಟೆ ಗಿರಣಿಗಳ ಹೆಂಗಸರು ರೊಟ್ಟಿಗಾಗಿ ಮುಷ್ಕರ ಹೂಡಿ ಬೀದಿಗಿಳಿದರು; ಒಂದೇ ವಾರದಲ್ಲಿ ಚಕ್ರವರ್ತಿಯ ಕಿರೀಟ ಉರುಳಿತು. ವಿಶ್ವಸಂಸ್ಥೆ ಇಂಥ ದಿನವನ್ನು ಅಧಿಕೃತವಾಗಿ ಒಪ್ಪಿದ್ದು 1977ರಲ್ಲಿ, 60 ವರ್ಷ ತಡವಾಗಿ. ಈಗ ಆ ದಿನ ಸೀರೆ ಅಂಗಡಿಯ ರಿಯಾಯಿತಿ ಮಾರಾಟದ ದಿನವಾಗಿದೆ. ಗಿರಣಿಯವರು ತಮ್ಮದೇ ಆಸ್ತಿಯನ್ನು ಮರೆತರೆ ವರ್ತಕರು ಅದನ್ನು ಹರಾಜಿಗಿಡುವುದು ಸಹಜ.

ದೂರದ ರಷ್ಯ ಬೇಡ, ಬೆಂಗಳೂರಿಗೇ ಬನ್ನಿ. 2016ರಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ ನಿಯಮವನ್ನು ಬದಲಿಸಿ, ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವ ವರೆಗೆ ತೆಗೆಯಕೂಡದೆಂದಿತು. ಏಪ್ರಿಲ್ 18 ಮತ್ತು 19ರಂದು ಸಿದ್ಧ ಉಡುಪಿನ ಕಾರ್ಖಾನೆಗಳ ಸಾವಿರಾರು ಹೆಂಗಸರು ಹೊಲಿಗೆ ಯಂತ್ರ ಬಿಟ್ಟು ರಸ್ತೆಗೆ ಬಂದರು. ಲಾಠಿ ಬಿತ್ತು, ಅಶ್ರುವಾಯು ಹಾರಿತು. ದೊಡ್ಡ ನಾಯಕರು ಯಾರೂ ಮುಂದಿರಲಿಲ್ಲ. ಎರಡನೆಯ ದಿನವೇ ಸರ್ಕಾರ ಆ ಆಜ್ಞೆಯನ್ನು ಹಿಂದಕ್ಕೆ ಪಡೆಯಿತು. ದೇಶದ ಎಲ್ಲ ಕಾರ್ಖಾನೆಗಳ ಗಂಡಾಳು ಹೆಣ್ಣಾಳುಗಳಿಗೆ ಅದರ ಲಾಭ ಸಿಕ್ಕಿತು. ಇದನ್ನು ಓದುತ್ತಿರುವವರಲ್ಲಿ ಮಗಳ ಮದುವೆಗೋ ಮನೆಯ ಸಾಲಕ್ಕೋ ಆ ಹಣ ತೆಗೆದವರಿದ್ದರೆ, ಯಾರ ಬೆನ್ನಿನ ಮೇಲೆ ಬಿದ್ದ ಲಾಠಿಯಿಂದ ಆ ಹಣ ಉಳಿಯಿತೆಂಬುದನ್ನು ನೆನೆಯಲಿ. ಆ ಹೆಂಗಸರಲ್ಲಿ ಒಬ್ಬಳ ಹೆಸರಾದರೂ ನಮಗೆ ಗೊತ್ತೆ? ನಾವೂ ತಪ್ಪಿತಸ್ಥರು: ನಮ್ಮ ಕಛೇರಿಯ ಗೋಡೆಯ ಮೇಲೆ ಸಾಲಾಗಿ ತೂಗುತ್ತಿರುವ ಪಟಗಳಲ್ಲಿ ಒಂದಾದರೂ ಹೆಂಗಸಿನದಲ್ಲ. ಈ ಬರಹಕ್ಕೆ ಕುಳಿತಾಗಲೇ ಅದು ನಮ್ಮ ಕಣ್ಣಿಗೆ ಬಿದ್ದದ್ದು.

ಹೆಸರೊಂದನ್ನು ಬರೆದರೆ ಹೊಟ್ಟೆ ತುಂಬುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಕೂಲಿಯ ಪ್ರಶ್ನೆ ಇರುವಾಗ ಪಟ, ಪ್ರತಿಮೆ, ಜಯಂತಿಗಳ ಗೊಡವೆ ಏಕೆಂಬುದು ಅವರ ವಾದ. ಇದು ತಳ್ಳಿಹಾಕುವ ಮಾತಲ್ಲ. ಬರಿಯ ಪ್ರತಿಮೆ ನಮಗೂ ಬೇಡ. ಹಾರ ಹಾಕಿದ ಮರುದಿನ ಕಾಗೆಯ ಪಾಲು. ಆದರೆ ಕಡತದ ಹೆಸರು ಅಂಥದಲ್ಲ. ಕಡತದಲ್ಲಿ ಹೆಸರಿದ್ದವನಿಗೆ ಸಾಲ ಸಿಗುತ್ತದೆ, ಪರಿಹಾರ ಸಿಗುತ್ತದೆ, ಪಿಂಚಣಿ ಸಿಗುತ್ತದೆ. ಇಲ್ಲದವಳು ಕಛೇರಿಯ ಜಗಲಿಯಲ್ಲಿ ಕುಳಿತು ಬರುತ್ತಾಳೆ. ನಿನ್ನೆ ದುಡಿದವಳ ಹೆಸರನ್ನು ಅಳಿಸಿದ ಕೈಯೇ ಇಂದು ದುಡಿಯುವವಳ ಕೂಲಿಯನ್ನು ಕತ್ತರಿಸುತ್ತದೆ. ಚರಿತ್ರೆಯಲ್ಲಿ ಅವಳು ಸಹಾಯಕಳು ಎಂದಾದರೆ ಹೊಲದಲ್ಲೂ ಸಹಾಯಕಳೇ, ಗಿರಣಿಯಲ್ಲೂ ಸಹಾಯಕಳೇ. ಸಹಾಯಕಳಿಗೆ ಅರ್ಧ ಕೂಲಿ. ಸಮಾನ ವೇತನದ ಕಾನೂನು 1976ರಲ್ಲೇ ಬಂದರೂ ನಮ್ಮ ಹೊಲಗಳಲ್ಲಿ ಹೆಣ್ಣಾಳಿನ ಕೂಲಿ ಬೇರೆ, ಗಂಡಾಳಿನ ಕೂಲಿ ಬೇರೆ ಎಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ದಾರಿ ಇಲ್ಲವೆಂದಲ್ಲ. ಹೆಂಗಸರಿಗೆ ಸ್ಥಳೀಯ ಸಂಸ್ಥೆಗಳಲ್ಲಿ ನೂರಕ್ಕೆ 25 ಸ್ಥಾನಗಳನ್ನು ಮೀಸಲಿಟ್ಟು 1987ರಲ್ಲಿ ಚುನಾವಣೆ ನಡೆಸಿದ ರಾಜ್ಯ ನಮ್ಮದು. ಸಂವಿಧಾನದ ತಿದ್ದುಪಡಿ ಬಂದದ್ದು ಆಮೇಲೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲೆಂದು 1994ರಲ್ಲೇ ಇಲ್ಲಿ ಕಾನೂನಾಯಿತು; ಕೇಂದ್ರ ಅದೇ ದಾರಿ ಹಿಡಿದದ್ದು 2005ರಲ್ಲಿ. 2006ರ ಅರಣ್ಯ ಹಕ್ಕು ಕಾನೂನಿನಂತೆ ಹಕ್ಕುಪತ್ರದಲ್ಲಿ ಗಂಡಹೆಂಡಿರಿಬ್ಬರ ಹೆಸರೂ ಇರಬೇಕು. ನಾಗರಹೊಳೆಯ ಅಂಚಿನ ಹಾಡಿಯ ಜೇನುಕುರುಬರ ಹೆಂಗಸಿಗೆ ಕಾನೂನು ಕೊಟ್ಟ ಈ ಗೌರವ ಪೇಟೆಯ ಅಂಗಡಿಯ ಒಡತಿಗಿಲ್ಲ! 2013ರ ಆಹಾರ ಭದ್ರತಾ ಕಾನೂನಿನ ಪ್ರಕಾರ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ. ಸರಿ. ಅಕ್ಕಿಯ ಚೀಟಿಯಲ್ಲಿ ಯಜಮಾನಿಯಾದವಳು ಹೊಲದ ಪಹಣಿಯಲ್ಲಿ ಯಾರೂ ಅಲ್ಲವೆಂದರೆ ಅದು ಯಾವ ಸೀಮೆಯ ಯಜಮಾನಿಕೆ?

ಆದ್ದರಿಂದ ನಾವು ಕೇಳುವುದು ನಾಲ್ಕು ಮಾತು. ಜಿಲ್ಲೆಯ ಸ್ವಾತಂತ್ರ್ಯ ಹೋರಾಟದ ದಾಖಲೆಯನ್ನು ತಾಲ್ಲೂಕುವಾರು ಮತ್ತೆ ಬರೆಯಿಸಬೇಕು. ಜೈಲಿನ ಕಾಗದವಲ್ಲ, ಊರವರ ಮಾತೂ ಸಾಕ್ಷಿಯಾಗಬೇಕು. ಹೊಸ ಬಡಾವಣೆ, ವೃತ್ತ, ಬಸ್ ನಿಲ್ದಾಣಗಳಿಗೆ ಹೆಸರಿಡುವಾಗ ಆ ಊರಿನ ಸೂಲಗಿತ್ತಿ, ಉಪಾಧ್ಯಾಯಿನಿ, ಹೋರಾಟಗಾರ್ತಿಯರ ಹೆಸರನ್ನು ಮೊದಲು ನೋಡಬೇಕು. ಪಹಣಿ, ತಂಬಾಕು ನೋಂದಣಿ, ಅಂಗಡಿಯ ಪರವಾನಗಿಗಳಲ್ಲಿ ಗಂಡಹೆಂಡಿರಿಬ್ಬರ ಹೆಸರನ್ನೂ ಬರೆಯುವುದೇ ವಾಡಿಕೆಯಾಗಬೇಕು. 2014ರ ಬೀದಿ ವ್ಯಾಪಾರಿಗಳ ಕಾನೂನಿನಂತೆ ಪಟ್ಟಣ ಸಮಿತಿಯಲ್ಲಿರುವ ವ್ಯಾಪಾರಿ ಪ್ರತಿನಿಧಿಗಳಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರಿರಬೇಕು. ಹೂವು, ಸೊಪ್ಪು, ತರಕಾರಿ ಮಾರುವ ತಾಯಂದಿರನ್ನು ಕರೆದು ಆ ಕುರ್ಚಿಯಲ್ಲಿ ಕೂರಿಸಬೇಕು.

ಸರ್ಕಾರ ಕೇಳುವ ತನಕ ನಾವು ಕೈಕಟ್ಟಿ ಕೂರುವುದಿಲ್ಲ. ಓದುಗರು ತಮ್ಮ ಮನೆಯ ಹಿರಿಯ ಹೆಂಗಸರ ಬಳಿ ಒಂದು ಸಂಜೆ ಕುಳಿತು ಕೇಳಲಿ: ಮುಷ್ಕರದ ಕಾಲದಲ್ಲಿ ಒಲೆ ಹೇಗೆ ಉರಿಯಿತು? ಮೆರವಣಿಗೆಯಲ್ಲಿ ಯಾರು ಯಾರಿದ್ದರು? ಕೇಳಿದ್ದನ್ನು ಒಂದು ಕಾರ್ಡಿನಲ್ಲಿ ಬರೆದು ಕಳುಹಿಸಲಿ. ಕಾಗುಣಿತ ತಪ್ಪಿದರೆ ತಿದ್ದಿಕೊಳ್ಳುತ್ತೇವೆ. ಹೆಸರು ಮಾತ್ರ ಸರಿಯಾಗಿರಲಿ. ಇಂಥವರ ತಾಯಿ, ಇಂಥವರ ಹೆಂಡತಿ ಎಂದು ಬರೆಯಬೇಡಿ. ಅವಳ ಹೆಸರನ್ನೇ ಬರೆಯಿರಿ. ವಾರಕ್ಕೊಂದರಂತೆ ಈ ಪುಟದಲ್ಲಿಯೇ ಅಚ್ಚು ಹಾಕುತ್ತೇವೆ. ಹೆಸರು ಬಂದ ಮೇಲೆ ಗೋಡೆಯ ಮೇಲೆ ಪಟಕ್ಕೆ ಜಾಗ ಮಾಡುವುದು ನಮ್ಮ ಹೊಣೆ.

ಬೆಳತೂರಿನ ಕಲ್ಲು ಹೆಚ್ಚುಕಡಮೆ ಸಾವಿರ ವರ್ಷ ನಿಂತಿದೆ. ಕಾಗದ ಅಷ್ಟು ಬಾಳುವುದಿಲ್ಲ. ಆದರೆ ಉರಿದವಳ ಕೈಯನ್ನು ಕಲ್ಲಿನ ಮೇಲೆ ಕೆತ್ತಿದ ನಾಡು, ದುಡಿದವಳ ಹೆಸರನ್ನು ಕಾಗದದ ಮೇಲಾದರೂ ಬರೆಯಬೇಕು. ಅಷ್ಟು ಸಾಲವನ್ನು ತೀರಿಸದೆ ನಮ್ಮ ಚಳವಳಿ ಮುಂದಕ್ಕೆ ಹೋಗಲಾರದು.